ಕಾರ್ ಬ್ಯಾಟರಿ ನಾವೇ ಹಾಕ್ಕೊಳ್ಳೋದಾ, ಸರ್ವಿಸ್ ಸೆಂಟರಿಗೇ ಕೊಡೋದಾ?

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ನಮ್ದು 2020ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಗಾಡಿ ಜೊತೆ ಬಂದಿದ್ದ ಬ್ಯಾಟರೀನೇ ಇನ್ನೂ ಇದೆ. ಈಗ ಮನೆಯಿಂದ್ಲೇ ಕೆಲಸ ಆಗಿರೋದ್ರಿಂದ ಕಾರು ವಾರಗಟ್ಟಲೆ ಶೆಡ್ಡಲ್ಲೇ ನಿಂತಿರುತ್ತೆ, ತೆಗೆದ್ರೂ ಗಾಂಧಿ ಬಜಾರ್‌ಗೆ ಹೋಗಿ ತರಕಾರಿ ತಗೊಂಡು ವಾಪಸ್, ಅಷ್ಟೆ. ಮೊನ್ನೆ ತೀರ್ಥಹಳ್ಳಿಗೆ ಹೊರಡೋಣ ಅಂತ ಕೀ ತಿರುಗಿಸಿದ್ರೆ ಟಕಟಕಟಕ ಅಂತ ಸದ್ದು ಬಂತೇ ಹೊರತು ಇಂಜಿನ್ ತಿರುಗ್ಲೇ ಇಲ್ಲ, ಮೀಟರ್ ಬೋರ್ಡಿನ ಲೈಟೆಲ್ಲ ಮಂಕಾಗೋಯ್ತು. ಪಕ್ಕದ ಮನೆಯವರು ಜಂಪ್ ಕೇಬಲ್ ಹಾಕಿ ಸ್ಟಾರ್ಟ್ ಮಾಡ್ಕೊಟ್ರು.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ್ರೆ ಗಾಡಿ ನೋಡೋ ಮುಂಚೆನೇ "ಸರ್ ಬ್ಯಾಟರಿ ಹೋಗಿದೆ, ಹೊಸದು ಹಾಕ್ಬೇಕು" ಅಂತ 7,150 ರೂಪಾಯಿ ಎಸ್ಟಿಮೇಟ್ ಕಳಿಸಿದ್ರು, ಅದರಲ್ಲಿ ಬ್ಯಾಟರಿ, ಫಿಟ್ಟಿಂಗ್ ಚಾರ್ಜು, ಟರ್ಮಿನಲ್ ಕ್ಲೀನಿಂಗ್ ಅಂತ ಬೇರೆ ಬೇರೆ ಲೈನು. ಹೊರಗೆ ಹಾಕಿಸಿದ್ರೆ ಎಕ್ಸ್‌ಟೆಂಡೆಡ್ ವಾರಂಟಿಗೆ ತೊಂದರೆ ಆಗ್ಬಹುದು ಅಂತ ಒಂದು ಮಾತು ಸೇರಿಸಿದ್ರು. ಇದೇ ಬ್ಯಾಟರಿ ಆನ್‌ಲೈನಲ್ಲಿ ನಾಲ್ಕು ಸಾವಿರದ ಆಸುಪಾಸಲ್ಲಿ ಕಾಣಿಸ್ತಿದೆ. ವಿಡಿಯೋ ನೋಡಿದ್ರೆ ಎರಡು ಬೋಲ್ಟ್ ಬಿಚ್ಚಿ ಎರಡು ಬೋಲ್ಟ್ ಹಾಕೋ ಕೆಲಸ ಅನ್ಸುತ್ತೆ. ನಾನೇ ಮಾಡ್ಲಾ? ಗಡಿಯಾರ, ಸ್ಟೀರಿಯೋ ಸೆಟ್ಟಿಂಗು ಹೋಗ್ಬಾರ್ದು ಅಂದ್ರೆ ಇಂಜಿನ್ ಆನ್ ಇಟ್ಕೊಂಡೇ ಹಳೇದು ತೆಗೆದು ಹೊಸದು ಹಾಕು ಅಂತ ನಮ್ಮ ಚಿಕ್ಕಪ್ಪ ಹೇಳ್ತಿದಾರೆ, ಅದು ಸರೀನಾ? ಮಾಡಿದವರು ಹೇಳಿ.

ಚುರುಮುರಿ (ಮೈಸೂರು):

ನೀವೂ ಮಾಡ್ಬೇಡಿ, ಸರ್ವಿಸ್ ಸೆಂಟರಿಗೂ ಕೊಡ್ಬೇಡಿ. ಬ್ಯಾಟರಿ ಅಂಗಡಿಗೆ ಹೋಗಿ ಗುರು. ಅವ್ನೇ ಹಾಕ್ಕೊಡ್ತಾನೆ, ಹಳೇದನ್ನ ಅವ್ನೇ ತಗೊಂಡು ದುಡ್ಡು ಕಮ್ಮಿ ಮಾಡ್ತಾನೆ. ಇದಕ್ಕೆ ಇಷ್ಟುದ್ದ ಪೋಸ್ಟಾ 😄

ಹಳೇಮೆಕ್ಯಾನಿಕ್ (ಹಾಸನ):

ಚುರುಮುರಿ ಹೇಳಿದ್ದು ಮುಕ್ಕಾಲು ಪಾಲು ಸರಿ, ಆದ್ರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ. ನಾನು ಆಟೋ ಎಲೆಕ್ಟ್ರಿಕಲ್ ಕೆಲಸದಲ್ಲೇ ಇರೋನು, ದಿನಾ ಇದನ್ನೇ ನೋಡೋದು. ಬ್ಯಾಟರಿ ಡೌನ್ ಆಗೋದು ಬೇರೆ, ಬ್ಯಾಟರಿ ಸಾಯೋದು ಬೇರೆ. ವಾರಗಟ್ಟಲೆ ನಿಂತ ಗಾಡೀಲಿ ಒಳ್ಳೇ ಬ್ಯಾಟರೀನೂ ಡೌನ್ ಆಗುತ್ತೆ. ಫೋನಲ್ಲೇ "ಹೋಗಿದೆ" ಅಂತ ಹೇಳಕ್ಕೆ ಅವ್ರೇನು ಜ್ಯೋತಿಷಿಗಳಾ?

ಒಂದು ಮಲ್ಟಿಮೀಟರ್ ತಗೊಳ್ಳಿ, ಐನೂರು ರೂಪಾಯಿ ಒಳಗೆ ಸಿಗುತ್ತೆ. ರಾತ್ರಿ ಗಾಡಿ ನಿಲ್ಲಿಸಿ ಬೆಳಗ್ಗೆ ಯಾವ್ದನ್ನೂ ಆನ್ ಮಾಡದೆ ಬಾನೆಟ್ ತೆಗೆದು ಎರಡು ಟರ್ಮಿನಲ್ಲಿಗೆ ಹಿಡೀರಿ. 12.6 ವೋಲ್ಟ್ ಅಥವಾ ಮೇಲಿದ್ರೆ ಫುಲ್ ಚಾರ್ಜು. 12.2 ಇದ್ರೆ ಅರ್ಧ. 12ಕ್ಕಿಂತ ಕೆಳಗೆ ಇದ್ರೆ ಹೆಚ್ಚುಕಮ್ಮಿ ಖಾಲಿ. ಒಳಗೆ ಆರು ಸೆಲ್ ಇರುತ್ತೆ, ಒಂದೊಂದು 2.1 ವೋಲ್ಟ್, ಅದಕ್ಕೇ ಈ ಲೆಕ್ಕ. ಚಾರ್ಜ್ ಹಾಕಿದ್ರೂ ಹತ್ತೂವರೆ ದಾಟ್ತಿಲ್ಲ ಅಂದ್ರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿರುತ್ತೆ, ಅದಕ್ಕೆ ಮತ್ತೆ ಏನೂ ಮಾಡಕ್ಕಾಗಲ್ಲ.

ಆಮೇಲೆ ಯಾರನ್ನಾದ್ರೂ ಕೂರಿಸಿ ಸ್ಟಾರ್ಟ್ ಮಾಡ್ಸಿ, ನೀವು ಮೀಟರ್ ನೋಡ್ತಿರಿ. ಸೆಲ್ಫ್ ಹೊಡೆಯೋವಾಗ ವೋಲ್ಟೇಜ್ ಇಳಿಯುತ್ತೆ, ಇಳೀಲೇಬೇಕು, ಆದ್ರೆ 9.6ರ ಕೆಳಗೆ ಹೋಗ್ಬಾರ್ದು. ಫುಲ್ ಚಾರ್ಜ್ ಆದ್ಮೇಲೂ ಎಂಟಕ್ಕೆ, ಎಂಟೂವರೆಗೆ ಬೀಳ್ತಿದೆ ಅಂದ್ರೆ ಬ್ಯಾಟರಿ ಮುಗೀತು, ಬದಲಾಯಿಸಿ. ಇಂಜಿನ್ ಓಡ್ತಿರೋವಾಗ 13.8ರಿಂದ 14.5ರ ಒಳಗೆ ಇರ್ಬೇಕು. 12 ಚಿಲ್ಲರೇಲೇ ನಿಂತಿದ್ರೆ ತಪ್ಪು ಬ್ಯಾಟರೀದಲ್ಲ, ಇಂಜಿನ್ ಓಡೋವಾಗ ಕರೆಂಟ್ ಕೊಡೋ ಆಲ್ಟರ್ನೇಟರ್ ಚಾರ್ಜ್ ಮಾಡ್ತಿಲ್ಲ, ಅಥವಾ ಬೆಲ್ಟ್ ಸಡಿಲ. ಆಗ ಏಳು ಸಾವಿರ ಕೊಟ್ಟು ಹೊಸ ಬ್ಯಾಟರಿ ಹಾಕಿದ್ರೂ ನಾಲ್ಕು ದಿನಕ್ಕೆ ಮತ್ತೆ ಟಕಟಕಟಕ. ಎಷ್ಟೋ ಜನ ಆಲ್ಟರ್ನೇಟರ್ ಕೆಟ್ಟಿರೋ ಗಾಡಿಗೆ ಎರಡೆರಡು ಬ್ಯಾಟರಿ ಹಾಕಿಸ್ಕೊಂಡು ಕೊನೆಗೆ ನಮ್ಮತ್ರ ಬರ್ತಾರೆ.

ಇನ್ನು ನಿಮ್ಮ ಚಿಕ್ಕಪ್ಪ ಹೇಳಿದ್ದು. ದಯವಿಟ್ಟು ಬೇಡ. ಅಂಬಾಸಡರ್ ಕಾಲದಲ್ಲಿ ನಡೀತಿತ್ತು, ಆಗ ಡೈನಮೋ ಇತ್ತು, ಕಂಪ್ಯೂಟರ್ ಇರ್ಲಿಲ್ಲ. ಈಗ ಇಂಜಿನ್ ಓಡ್ತಿರೋವಾಗ ಬ್ಯಾಟರಿ ಕಿತ್ತರೆ ಆಲ್ಟರ್ನೇಟರ್ ಕೊಡ್ತಿರೋ ಕರೆಂಟಿಗೆ ಹೋಗಕ್ಕೆ ಜಾಗ ಇರಲ್ಲ, ವೋಲ್ಟೇಜ್ ಒಂದು ಕ್ಷಣಕ್ಕೆ 40 ದಾಟಿ ಜಿಗೀಬಹುದು. ಇಸಿಯು (ಇಂಜಿನ್ನಿನ ಕಂಪ್ಯೂಟರ್), ಮೀಟರ್ ಬೋರ್ಡು, ಆಲ್ಟರ್ನೇಟರಿನ ಡಯೋಡು, ಯಾವ್ದು ಹೋಗುತ್ತೆ ಅಂತ ಹೇಳಕ್ಕಾಗಲ್ಲ. ಗಡಿಯಾರ ಉಳಿಸಕ್ಕೆ ಹೋಗಿ ಮೂವತ್ತು ಸಾವಿರದ ಇಸಿಯು ಕಳ್ಕೊಳ್ಳೋದು ಯಾಕೆ. ಗಡಿಯಾರ ಎರಡು ನಿಮಿಷಕ್ಕೆ ಸೆಟ್ ಆಗುತ್ತೆ.

ಜೋಳದರೊಟ್ಟಿ (ಹುಬ್ಬಳ್ಳಿ):

ಮೆಕ್ಯಾನಿಕ್ ಸರ ಹೇಳಿದ್ದು ಖರೇ ಐತ್ರಿ. ಆದ್ರ ಬ್ಯಾಟರಿ ಹೋಗೇ ಬಿಟ್ಟೈತಿ ಅಂದ್ರ ನೀವ ಹಾಕೋರಿ ಸರ, ಇದೇನ್ ದೊಡ್ಡ ಕೆಲಸ ಅಲ್ಲ. 10 ಎಂಎಂ ಸ್ಪ್ಯಾನರ್ ಒಂದ್ ಇದ್ರ ಮುಗೀತು. ನಮ್ಮ ಗಾಡೀದು, ಮಾವನ ಗಾಡೀದು, ಓಣ್ಯಾಗಿನ ಮಂದೀದು ಎಲ್ಲಾ ನಾನ ಹಾಕ್ತೀನ್ರಿ.

ಮೊದ್ಲ ಕೈಯಾಗಿನ ಉಂಗುರ, ಕಡಗ, ವಾಚು ತೆಗದಿಡ್ರಿ. ಗಾಡಿ ಬಂದ್ ಮಾಡಿ ಕೀಲಿ ತಕ್ಕೊಂಡ್ ಕಿಸೆದಾಗ ಇಟ್ಕೊಳ್ರಿ, ಒಂದ್ ಗಾಜು ಇಳಿಸಿ ಬಿಡ್ರಿ, ಯಾಕಂದ್ರ ಕೆಲವು ಗಾಡಿ ಸುಮ್ನ ಲಾಕ್ ಆಗ್ತಾವ. ಒಂದ್ ಐದ್ ಮಿನಿಟ್ ಬಿಡ್ರಿ. ಆಮ್ಯಾಲ ಮೈನಸ್ ಮೊದ್ಲ ಬಿಚ್ಚಬೇಕ್ರಿ, ಕರೀ ವೈರು. ಅದನ್ನ ಒಂದ್ ಅರಿಬಿ ಸುತ್ತಿ ಬಾಜೂಕ್ಕ ಸರಿಸಿ ಇಡ್ರಿ. ಆಮ್ಯಾಲ ಪ್ಲಸ್ ಬಿಚ್ರಿ. ಹಾಕೂ ಮುಂದ ಉಲ್ಟಾ, ಪ್ಲಸ್ ಮೊದ್ಲ, ಮೈನಸ್ ಕಡೀಕ. ಯಾಕ ಹಿಂಗ ಅಂದ್ರ ಗಾಡಿ ಬಾಡಿ ಪೂರಾ ಮೈನಸ್ ಇರ್ತೈತಿ. ಮೈನಸ್ ಕೂಡೇ ಇದ್ದಾಗ ಪ್ಲಸ್ ಬಿಚ್ಚಾಕ ಹೋದ್ರಿ ಅಂದ್ರ ಸ್ಪ್ಯಾನರಿನ ಇನ್ನೊಂದ್ ತುದಿ ಬಾನೆಟ್‌ಗೋ ಮಡ್‌ಗಾರ್ಡ್‌ಗೋ ಬಡದು ಧಡ್ ಅಂತ ಕಿಡಿ ಹಾರತೈತಿ, ಸ್ಪ್ಯಾನರ್ ಅಲ್ಲೇ ಅಂಟ್ಕೊಂಡ್ ಕೆಂಪಗ ಕಾಯ್ತೈತಿ. ನಮ್ಮ ಗೆಳ್ಯಾನ ಸ್ಪ್ಯಾನರ್ ತೋರಸ್ತೀನಿ ಬರ್ರಿ, ನಡು ಅರ್ಧ ಕರಗೈತಿ. ಬೀಡಿ ಸಿಗರೇಟ್ ಸೇದೋರ್ನ ಹತ್ರ ಬಿಡಬ್ಯಾಡ್ರಿ, ಚಾರ್ಜ್ ಆಗೂ ಮುಂದ ಹೈಡ್ರೋಜನ್ ಗ್ಯಾಸ್ ಬರ್ತೈತಿ.

ಮತ್ತ ಕೆಳಗಿನ ಕ್ಲಾಂಪ್ ಮರೀಬ್ಯಾಡ್ರಿ. ಬಾಳ ಮಂದಿ ಟರ್ಮಿನಲ್ ಬಿಗದು ಕ್ಲಾಂಪ್ ಹಂಗ ಬಿಡ್ತಾರ. ನಮ್ಮ ರೋಡ್ ನಿಮಗ ಗೊತ್ತ ಐತಿ, ಬ್ಯಾಟರಿ ಕುಣದು ಕುಣದು ಒಳಗಿನ ಪ್ಲೇಟ್ ಉದರ್ತಾವ.

ತುಂಗಾತೀರ (ಶಿವಮೊಗ್ಗ):

ಚಿಕ್ಕಪ್ಪನಿಗೆ ಮೆಕ್ಯಾನಿಕ್ ಸರ್ ಉತ್ತರ ಓದಿ ಹೇಳ್ದೆ, "ನಮ್ ಕಾಲದ ಗಾಡಿಗಳೇ ವಾಸಿ" ಅಂದ್ರು ಅಷ್ಟೆ. ಮೀಟರ್ ಒಂದು ಎರವಲು ತಂದೆ. ಇವತ್ತು ಬೆಳಗ್ಗೆ ನಿಂತಲ್ಲೇ 11.9 ತೋರಿಸ್ತು. ಇಂಜಿನ್ ಓಡೋವಾಗ 14.2. ಬ್ಯಾಟರಿ ಮೇಲೆ 38ಬಿ20ಎಲ್ ಅಂತ ಬರ್ದಿದೆ, ಪಕ್ಕದಲ್ಲಿ 35 ಎಎಚ್ (ಆಂಪಿಯರ್ ಅವರ್). ಪ್ಲಸ್ ಕಡೆ ಟರ್ಮಿನಲ್ ಸುತ್ತ ಬಿಳಿ ಹಸಿರು ಪುಡಿ ಹೂವು ಬಿಟ್ಟ ಹಾಗೆ ಬಂದಿದೆ. ಆನ್‌ಲೈನಲ್ಲಿ 55ಬಿ24ಎಲ್‌ಎಸ್ ಅನ್ನೋದು ಇನ್ನೂ ದೊಡ್ಡದು, ಎಂಟುನೂರು ಜಾಸ್ತಿ ಅಷ್ಟೆ. ದೊಡ್ಡದು ಹಾಕಿದ್ರೆ ಒಳ್ಳೇದಲ್ವಾ?

ಹಳೇಮೆಕ್ಯಾನಿಕ್ (ಹಾಸನ):

14.2 ಅಂದ್ರೆ ಆಲ್ಟರ್ನೇಟರ್ ಗಟ್ಟಿ ಇದೆ, ಆ ಚಿಂತೆ ಬಿಡಿ. 11.9 ಅಂದ್ರೆ ಖಾಲಿ. ಈಗ ಮೊದಲು ಚಾರ್ಜ್ ಹಾಕಿಸಿ. ಯಾವ ಬ್ಯಾಟರಿ ಅಂಗಡೀಲಿ ಕೊಟ್ರೂ ರಾತ್ರಿಯಿಡೀ ಚಾರ್ಜಿಗೆ ಹಾಕಿ ನೂರೋ ನೂರೈವತ್ತೋ ತಗೋತಾರೆ. ಆಮೇಲೆ ಅಲ್ಲೇ ಟೆಸ್ಟ್ ಮಾಡ್ಸಿ.

ಆ ನಂಬರಿನ ಅರ್ಥ ಹೇಳ್ತೀನಿ, ಇದು ಜಪಾನ್ ಲೆಕ್ಕ. ಮೊದಲಿನ 38 ಅನ್ನೋದು ತಾಕತ್ತಿನ ರೇಟಿಂಗು, ಆಂಪಿಯರ್ ಅವರ್ ಅಲ್ಲ. ಬಿ ಅನ್ನೋದು ಅಗಲ ಎತ್ತರದ ಸೈಜು. 20 ಅಂದ್ರೆ ಉದ್ದ ಸುಮಾರು 20 ಸೆಂಟಿಮೀಟರ್. ಕೊನೇ ಎಲ್ ಅಥವಾ ಆರ್ ಅನ್ನೋದು ಪ್ಲಸ್ ಯಾವ ಕಡೆ ಬರುತ್ತೆ ಅನ್ನೋದು. ಎಲ್ ಬದಲು ಆರ್ ತಂದ್ರೆ ಕೇಬಲ್ ಎಟುಕಲ್ಲ, ಎಳೆದು ಕಟ್ಟಕ್ಕೆ ಹೋಗಿ ಉಲ್ಟಾ ಕನೆಕ್ಷನ್ ಕೊಟ್ಟು ಮೇನ್ ಫ್ಯೂಸ್ ಸುಟ್ಟು ಬಂದ ಗಾಡಿ ನೋಡಿದ್ದೀನಿ. ನೀವು ನೋಡಿರೋ ಬಿ24 ಅಂದ್ರೆ 24 ಸೆಂಟಿಮೀಟರ್ ಉದ್ದ, ನಿಮ್ಮ ಟ್ರೇನಲ್ಲಿ ಕೂರಲ್ಲ, ಕೂರಿಸಿದ್ರೂ ಕ್ಲಾಂಪ್ ಹಿಡಿಯಲ್ಲ. ಕೊನೇಲಿ ಎಸ್ ಇದ್ರೆ ದಪ್ಪ ಟರ್ಮಿನಲ್, ನಿಮ್ಮ ಗಾಡೀಲಿರೋದು ಸಣ್ಣ ಟರ್ಮಿನಲ್ ಕ್ಲಿಪ್ಪು. ಸುತ್ತಿಗೆ ತಗೊಂಡು ಬಡಿದು ಕೂರಿಸೋ ಮಹಾನುಭಾವರೂ ಇದಾರೆ, ಅದು ಬೇಡ. ಇದ್ದ ಸೈಜೇ ಹಾಕಿ.

ಕಡಲಕರೆ (ಮಂಗಳೂರು):

ಆ ಬಿಳಿ ಹಸಿರು ಪುಡಿ ನಮ್ಮ ಊರಿನಲ್ಲಿ ಮಾಮೂಲು ಮಾರಾಯ್ರೆ. ಎಷ್ಟೋ ಸಲ ಬ್ಯಾಟರಿ ಸರಿಯೇ ಇರ್ತದೆ, ಆ ಪುಡಿಯಿಂದಾಗಿ ಕರೆಂಟ್ ಪಾಸ್ ಆಗುವುದಿಲ್ಲ, ಜನ ಬ್ಯಾಟರಿ ಹಾಳಾಯ್ತು ಅಂತ ಹೊಸತು ತೆಗೀತಾರೆ. ಬರಿ ಕೈಯಲ್ಲಿ ಮುಟ್ಟಬೇಡಿ, ಅದು ಆಸಿಡ್ ಉಂಟಲ್ಲ, ಉಸಿರಿಗೂ ಎಳ್ಕೊಳ್ಳಬಾರದು. ಕೇಬಲ್ ಎರಡೂ ತೆಗೆದು ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ನಿಧಾನಕ್ಕೆ ಹೊಯ್ಯಿರಿ, ನೊರೆ ಬುಸುಬುಸು ಬರ್ತದೆ, ನೊರೆ ನಿಂತ ಮೇಲೆ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಒಳ್ಳೆ ನೀರಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಬ್ಯಾಟರಿಗೆ ನೀರು ಹಾಕುವ ಮುಚ್ಚಳ ಇದ್ದರೆ ಸೋಡಾ ನೀರು ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ, ಒಳಗಿನ ಆಸಿಡ್ ಹಾಳಾಗ್ತದೆ. ಟೈಟ್ ಮಾಡಿದ ಮೇಲೆ ಮೇಲಿಂದ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಟೈಟ್ ಮಾಡುವ ಮೊದಲು ಅಲ್ಲ.

ಇನ್ನೊಂದು ವಿಷಯ. ಹಳೆ ಬ್ಯಾಟರಿಯನ್ನು ಗುಜರಿಯವನಿಗೆ ಕೊಡಬೇಡಿ, ಅವನು ಐವತ್ತು ನೂರು ಜಾಸ್ತಿ ಕೊಡ್ತೇನೆ ಅಂದರೂ. ಒಳಗಿನ ಆಸಿಡನ್ನು ಚರಂಡಿಗೆ ಚೆಲ್ಲಿ ಸೀಸ ಕರಗಿಸುವವರು ಇದ್ದಾರೆ, ಅದು ಬಾವಿ ನೀರಿಗೆ ಹೋಗ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇದನ್ನು ವಾಪಸ್ ಸಂಗ್ರಹಿಸಿ ರೀಸೈಕಲ್ ಮಾಡಿಸುವ ಜವಾಬ್ದಾರಿ ತಯಾರಿಸುವ ಕಂಪನಿಯದ್ದು, ನಾವು ಬೇರೆ ಕಸದ ಜೊತೆ ಬೆರೆಸದೆ ಸರಿಯಾದ ಕಡೆಗೆ ಕೊಡಬೇಕು. ಬ್ಯಾಟರಿ ಅಂಗಡಿಯಲ್ಲಿ ಎಕ್ಸ್‌ಚೇಂಜಿಗೆ ಕೊಟ್ಟರೆ ಆ ಕೆಲಸ ತನ್ನಿಂದ ತಾನೇ ಆಗ್ತದೆ, ಆರೇಳು ನೂರು ರೂಪಾಯಿ ಕಡಿಮೆಯೂ ಆಗ್ತದೆ. ಆನ್‌ಲೈನ್ ರೇಟು ನೋಡುವಾಗ ಇದನ್ನು ಗಮನಿಸಿ, ಕೆಲವರು ಹಳೇದು ಕೊಟ್ಟರೆ ಮಾತ್ರ ಸಿಗುವ ರೇಟನ್ನೇ ದೊಡ್ಡ ಅಕ್ಷರದಲ್ಲಿ ಹಾಕಿರ್ತಾರೆ.

ಔಟರ್‌ರಿಂಗ್‌ರೋಡ್ (ಬೆಂಗಳೂರು):

ಎಲ್ರೂ ಒಂದೇ ರಾಗ ಹಾಡ್ತಿದೀರ, ನಾನು ಸ್ವಲ್ಪ ಬೇರೆ ಹೇಳ್ತೀನಿ. ಇವ್ರ ಗಾಡಿ ಸಿಂಪಲ್ಲು, ಸರಿ. ಆದ್ರೆ ಇದನ್ನ ಓದಿ ನಾಳೆ ಇನ್ಯಾರೋ ಹೊಸ ಎಸ್‌ಯುವಿ ಮುಂದೆ 10 ಎಂಎಂ ಸ್ಪ್ಯಾನರ್ ಹಿಡ್ಕೊಂಡು ನಿಂತ್ಕೋತಾರೆ. ಸಿಗ್ನಲಲ್ಲಿ ತಾನಾಗೇ ಆಫ್ ಆಗಿ ಕ್ಲಚ್ ಒತ್ತಿದ್ರೆ ಆನ್ ಆಗೋ ಗಾಡಿ ಇದ್ಯಲ್ಲ, ಸ್ಟಾರ್ಟ್ ಸ್ಟಾಪ್ ಇರೋದು, ಅದಕ್ಕೆ ಮಾಮೂಲಿ ಬ್ಯಾಟರಿ ಹಾಕಂಗಿಲ್ಲ. ದಿನಕ್ಕೆ ಐವತ್ತು ಸಲ ಸೆಲ್ಫ್ ಹೊಡೆಯೋದನ್ನ ತಡ್ಕೊಳ್ಳೋ ಇಎಫ್‌ಬಿ ಅಥವಾ ಎಜಿಎಂ ಅನ್ನೋ ಜಾತಿ ಬ್ಯಾಟರಿ ಬೇಕು, ಬೆಲೆ ಹೆಚ್ಚುಕಮ್ಮಿ ಡಬಲ್. ಅಂಗಡಿಯವನು "ಇದೂ ಆಗುತ್ತೆ ಸರ್" ಅಂತ ಮಾಮೂಲಿ ಹಾಕ್ಕೊಟ್ರೆ ವರ್ಷದೊಳಗೆ ಮುಗಿಯುತ್ತೆ.

ಇಂಜಿನ್ನಿಗೆ ಸಣ್ಣ ಮೋಟರ್ ಕೈಜೋಡಿಸೋ ಮೈಲ್ಡ್ ಹೈಬ್ರಿಡ್ ಅಂತ ಬರೋದ್ರಲ್ಲಿ ಕೆಲವಕ್ಕೆ ಬಾನೆಟ್ ಒಳಗೊಂದು ಬ್ಯಾಟರಿ, ಸೀಟ್ ಕೆಳಗೆ ಇನ್ನೊಂದು ಲಿಥಿಯಂ ಬ್ಯಾಟರಿ. ಆ ಎರಡನೇದನ್ನಂತೂ ಮನೇಲಿ ಮುಟ್ಟಲೇಬಾರ್ದು. ಆಮೇಲೆ ಕೆಲವು ಗಾಡೀಲಿ ಮೈನಸ್ ಟರ್ಮಿನಲ್ ಮೇಲೇ ಒಂದು ಸಣ್ಣ ಸೆನ್ಸರ್ ಕೂತಿರುತ್ತೆ, ಅದನ್ನ ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಕಥೆ ಮುಗೀತು. ಬಿಎಂಡಬ್ಲ್ಯೂ, ಆಡಿ ತರದವುಗಳಲ್ಲಿ ಹೊಸ ಬ್ಯಾಟರಿ ಹಾಕಿದ್ಮೇಲೆ ಸ್ಕ್ಯಾನರ್ ಹಾಕಿ ಗಾಡಿಗೆ ತಿಳಿಸ್ಬೇಕು, ಇಲ್ದಿದ್ರೆ ಅದು ಹಳೇ ಬ್ಯಾಟರಿ ಇದೆ ಅನ್ಕೊಂಡೇ ಚಾರ್ಜ್ ಮಾಡುತ್ತೆ.

ಸರ್ವಿಸ್ ಸೆಂಟರಿಗೆ ಎರಡು ಸಾವಿರ ಜಾಸ್ತಿ ಕೊಡೋದು ಸುಮ್ನೆ ಅಲ್ಲ. ನಾಳೆ ಏನಾದ್ರೂ ಆದ್ರೆ ಅವ್ರ ತಲೆಮೇಲೆ. ನನಗೆ ಶನಿವಾರ ಬಾನೆಟ್ ಕೆಳಗೆ ತಲೆ ಹಾಕ್ಕೊಂಡು ಕೂರೋದಕ್ಕಿಂತ ಅದು ವಾಸಿ, ಪ್ರತಿಯೊಂದಕ್ಕೂ ಡಿಐವೈ (ಎಲ್ಲ ನಾವೇ ಮಾಡ್ಕೊಳ್ಳೋದು) ಅನ್ನೋದು ಒಂಥರಾ ಚಟ ಆಗಿದೆ ಈಗ.

ಹಳೇಮೆಕ್ಯಾನಿಕ್ (ಹಾಸನ):

ಸ್ಟಾರ್ಟ್ ಸ್ಟಾಪ್ ವಿಷಯದಲ್ಲಿ ನೂರಕ್ಕೆ ನೂರು ಒಪ್ತೀನಿ, ಸೆನ್ಸರ್ ವಿಷಯದಲ್ಲೂ. ತಲೆಮೇಲೆ ಅಂದ್ರಲ್ಲ, ಅದು ಮಾತ್ರ ಒಪ್ಪಲ್ಲ. ಬ್ಯಾಟರಿಗೆ ವಾರಂಟಿ ಕೊಡೋದು ಬ್ಯಾಟರಿ ಕಂಪನಿ, ಕಾರ್ ಕಂಪನಿ ಅಲ್ಲ. ಬ್ಯಾಟರಿ, ಟೈರ್ ಎರಡೂ ಆಯಾ ತಯಾರಕರ ವಾರಂಟೀಲಿ ಬರುತ್ತೆ. ಸರ್ವಿಸ್ ಸೆಂಟರಲ್ಲಿ ತಗೊಂಡ್ರೂ ಆರು ತಿಂಗಳಿಗೆ ಕೈಕೊಟ್ರೆ ಅವ್ರು ಅದೇ ಬ್ಯಾಟರಿ ಕಂಪನಿಯ ಡೀಲರ್ ಹತ್ರ ಹೋಗಿ ಅಂತಾರೆ. ತುಂಗಾತೀರ ಅವರಿಗೆ ಎಕ್ಸ್‌ಟೆಂಡೆಡ್ ವಾರಂಟಿ ಹೋಗುತ್ತೆ ಅಂತ ಹೆದರಿಸಿದ್ರಲ್ಲ, ಅದನ್ನ ವಾರಂಟಿ ಬುಕ್ಕಲ್ಲಿ ಯಾವ ಪುಟದಲ್ಲಿದೆ ತೋರಿಸಿ, ಇಲ್ಲ ಮೇಲ್‌ನಲ್ಲಿ ಬರ್ದು ಕಳ್ಸಿ ಅನ್ನಿ ನೋಡೋಣ. ಅದೇ ಸೈಜು, ಅದೇ ರೇಟಿಂಗಿನ ಬ್ಯಾಟರಿ ಹಾಕಿದ್ರೆ ಗಾಡಿ ವಾರಂಟಿಗೆ ಏನ್ ಸಂಬಂಧ? ವೈರ್ ಕತ್ತರಿಸಿ ಆಂಪ್ಲಿಫೈಯರ್ ಹಾಕಿಸಿದ್ರೆ ಅದು ಬೇರೆ ಮಾತು.

ಜೋಳದರೊಟ್ಟಿ (ಹುಬ್ಬಳ್ಳಿ):

ಔಟರ್‌ರಿಂಗ್‌ರೋಡ್ ಸರ, ನಿಮ್ಮ ಕಡೆ ಎರಡ್ ಸಾವಿರ ಅಂದ್ರ ಒಂದ್ ಸಂಜೀ ಊಟ, ನಮ್ಮ ಕಡೆ ಹಂಗಲ್ರಿ 😀

ಮಳೆಬಿಲ್ಲು (ಬೆಂಗಳೂರು):

ಡಿಐವೈ ಚಟಾನೋ ಏನೋ, ನಾನು ಕಳೆದ ವರ್ಷ ಮಾಡ್ಬೇಕು ಅಂತ್ಲೇ ಹೊರಟಿದ್ದೆ, ಸ್ಪ್ಯಾನರ್ ಎಲ್ಲ ಇತ್ತು, ಆದ್ರೆ ನಮ್ಮ ಡೀಸೆಲ್ ಗಾಡಿ ಬ್ಯಾಟರಿ ಹದಿನಾರು ಹದಿನೇಳು ಕೆಜಿ, ಬಾನೆಟ್ ಮೇಲೆ ಬಗ್ಗಿ ಆ ಮೂಲೆಯಿಂದ ನೇರಕ್ಕೆ ಎತ್ತಬೇಕು, ಸೊಂಟ ಹೋಗುತ್ತೆ. ಓರೆ ಮಾಡಿದ್ರೆ ಆಸಿಡ್ ಬರ್ಬಹುದು ಅಂತ ಬೇರೆ ಭಯ. ಹಾಗಾಗಿ ಬ್ಯಾಟರಿ ಕಂಪನಿಯ ಹೋಮ್ ಫಿಟ್ಟಿಂಗ್ ನಂಬರಿಗೆ ಫೋನ್ ಮಾಡಿದೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೇ ಬೈಕಲ್ಲಿ ತಂದು ಹಾಕಿಕೊಟ್ಟು ಹಳೇದನ್ನ ತಗೊಂಡು ಹೋದ್ರು, ಫಿಟ್ಟಿಂಗಿಗೆ ದುಡ್ಡಿಲ್ಲ. ಆ ಹುಡುಗ ಮಾಡಿದ್ದು ನೋಡಿ ಇಷ್ಟ ಆಯ್ತು, ಬಿಚ್ಚೋ ಮುಂಚೆ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿಯಿಂದ ಡ್ಯಾಶ್‌ಬೋರ್ಡ್ ಕೆಳಗೆ ಸ್ಕ್ಯಾನರ್ ಚುಚ್ಚೋ ಓಬಿಡಿ ಸಾಕೆಟ್ಟಿಗೆ ಒಂದು ವೈರ್ ಕೊಟ್ಟ, ಗಡಿಯಾರ ಸ್ಟೀರಿಯೋ ಯಾವ್ದೂ ಹೋಗ್ಲಿಲ್ಲ. ಆ ಹೊತ್ತಲ್ಲಿ ಬಿಚ್ಚಿದ ಪ್ಲಸ್ ಕೇಬಲ್‌ನಲ್ಲೂ ಕರೆಂಟ್ ಇರುತ್ತೆ ಅಂತ ತುದಿಗೆ ರಬ್ಬರ್ ಗ್ಲೌಸ್ ಹಾಕಿ ಕಟ್ಟಿದ್ದ. ತುಂಗಾತೀರ ಅವರೇ, ನಿಮ್ಮ ಚಿಕ್ಕಪ್ಪನ ಸಮಸ್ಯೆಗೆ ಇದೇ ಪರಿಹಾರ 🙂

ನನ್ನ ಕಡೆಯಿಂದ ಒಂದೇ ಸೇರಿಸ್ತೀನಿ. ಬ್ಯಾಟರಿ ಯಾವ ತಿಂಗಳು ತಯಾರಾಗಿದ್ದು ಅಂತ ನೋಡದೆ ದುಡ್ಡು ಕೊಡ್ಬೇಡಿ. ಅಂಗಡೀಲಿ ಸುಮ್ನೆ ಕೂತಿದ್ರೂ ಚಾರ್ಜ್ ಇಳೀತಾ ಇರುತ್ತೆ, ವರ್ಷ ಕೂತಿದ್ದು ಬೇಡ, ಎರಡು ಮೂರು ತಿಂಗಳೊಳಗಿನದ್ದು ಕೇಳಿ. ವಾರಂಟಿ ಕಾರ್ಡಿಗೆ ಸೀಲು, ಗಾಡಿ ನಂಬರು, ತಾರೀಖು ಹಾಕಿಸಿ, ಬಿಲ್ ಇಸ್ಕೊಳ್ಳಿ. ಬಿಲ್ ಇಲ್ದೆ ಇನ್ನೂರು ಕಮ್ಮಿ ಮಾಡ್ತೀನಿ ಅಂದ್ರೆ ಬೇಡ ಅನ್ನಿ. ವಾರಂಟಿ 60 ತಿಂಗಳು ಅಂತ ದೊಡ್ಡದಾಗಿ ಬರ್ದಿರ್ತಾರೆ, ಅಷ್ಟೂ ತಿಂಗಳು ಫ್ರೀ ಅಲ್ಲ, ಮೊದಲ ಒಂದಿಷ್ಟು ತಿಂಗಳು ಫ್ರೀ ಬದಲಿ, ಮಿಕ್ಕಿದ್ದು ಪ್ರೊ ರೇಟಾ, ಅಂದ್ರೆ ಹೊಸದರ ಮೇಲೆ ಇಷ್ಟು ಪರ್ಸೆಂಟ್ ಡಿಸ್ಕೌಂಟ್ ಅಷ್ಟೆ.

ಚುರುಮುರಿ (ಮೈಸೂರು):

ನಾನು ನಾಲ್ಕು ಲೈನಲ್ಲಿ ಹೇಳಿದ್ದನ್ನ ಎಲ್ರೂ ಸೇರಿ ಪುರಾಣ ಮಾಡಿದ್ರಿ. ಕೊನೆಗೆ ಎಲ್ಲಿಗೆ ಹೋದ್ರಿ ಹೇಳಿ.

ತುಂಗಾತೀರ (ಶಿವಮೊಗ್ಗ):

ಚುರುಮುರಿ ಗುರುವೇ, ಬ್ಯಾಟರಿ ಅಂಗಡಿಗೇ ಹೋದೆ, ಆದ್ರೆ ಮೆಕ್ಯಾನಿಕ್ ಸರ್ ಹೇಳಿದ ಪ್ರಕಾರ ಮೊದಲು ಚಾರ್ಜಿಗೆ ಅಂತ.

ಬಿಚ್ಚಿದ್ದು ನಾನೇ. ಮೈನಸ್ ಮೊದಲು, ಹುಬ್ಬಳ್ಳಿ ಸರ್ ಹೇಳಿದ ಹಾಗೇ. ಪ್ಲಸ್ ಕಡೆ ನಟ್ಟು ಆ ಪುಡೀಲಿ ಕಚ್ಕೊಂಡು ಕೂತಿತ್ತು, ಸೋಡಾ ನೀರು ಹೊಯ್ದು ಕಾಲು ಗಂಟೆ ಬಿಟ್ಟ ಮೇಲೆ ಸಡಿಲ ಆಯ್ತು. ಸ್ಕೂಟರ್ ಮುಂದೆ ಇಟ್ಕೊಂಡು ಬಿ.ಎಚ್. ರೋಡಿನ ಒಂದು ಅಂಗಡಿಗೆ ಕೊಟ್ಟೆ. ಮಾರನೇ ದಿನ ಹೋದ್ರೆ ಅಲ್ಲಿನ ಹುಡುಗ ಮೀಟರ್ ಹಿಡಿದು ತೋರಿಸ್ದ, 12.5 ಬಂದಿತ್ತು, ನನಗೆ ಖುಷಿಯಾಗಿ ಏಳು ಸಾವಿರ ಉಳೀತು ಅನ್ಕೊಂಡೆ. ಅವ್ನು ನಕ್ಕು ಒಂದು ಲೋಡ್ ಟೆಸ್ಟರ್ ತಂದ, ಮೇಲೆ ಮುಳ್ಳಿನ ಮೀಟರು, ಕೆಳಗೆ ಎರಡು ದಪ್ಪ ಕ್ಲಿಪ್ಪು, ಟರ್ಮಿನಲ್ಲಿಗೆ ಕಚ್ಚಿಸಿ ಸ್ವಿಚ್ ಒತ್ತಿದ. ಒಂದು ಕ್ಷಣ ಹತ್ತರಲ್ಲಿ ನಿಂತ ಮುಳ್ಳು ಹಾಗೇ ಜಾರ್ತಾ ಜಾರ್ತಾ ಎಂಟರ ಹತ್ರ ಬಂತು, ಟೆಸ್ಟರಿನ ಒಳಗಿನ ಸುರುಳಿ ಕಾದು ಬಿಸಿ ವಾಸನೆ ಬಂತು. ಪಕ್ಕದಲ್ಲಿದ್ದ ಹೊಸ ಬ್ಯಾಟರಿಗೂ ಅದನ್ನೇ ಹಾಕಿ ತೋರಿಸ್ದ, ಮುಳ್ಳು ಹತ್ತೂವರೆಗೆ ಬಂದು ಅಲ್ಲೇ ಗಟ್ಟಿಯಾಗಿ ನಿಂತ್ಕೊಳ್ತು. "ಸರ್, ವೋಲ್ಟೇಜ್ ತೋರ್ಸುತ್ತೆ, ಆದ್ರೆ ಭಾರ ಎತ್ತಲ್ಲ" ಅಂದ. ಐದು ವರ್ಷ ದಾಟಿರೋ ಬ್ಯಾಟರಿ ಇದಕ್ಕಿಂತ ಹೆಚ್ಚು ಬರಲ್ಲ ಸರ್, ಕಲಬುರಗಿ ರಾಯಚೂರು ಬಿಸಿಲಾಗಿದ್ರೆ ಮೂರಕ್ಕೇ ಮುಗೀತಿತ್ತು ಅಂತಾನೂ ಹೇಳ್ದ.

ಅದೇ ಸೈಜಿನದ್ದು 4,300, ಹಳೇದಕ್ಕೆ 650 ಕಳೆದ್ರು, ಚಾರ್ಜ್ ಮಾಡಿದ್ದಕ್ಕೆ ದುಡ್ಡು ತಗೊಳ್ಳಿಲ್ಲ. ಹುಡುಗನ್ನ ಕಳಿಸ್ತೀನಿ ಅಂದ್ರು, ನಾನೇ ಹಾಕ್ಕೋತೀನಿ ಅಂದೆ. ತಯಾರಾದ ತಿಂಗಳು ನೋಡಿದೆ, ಹೋದ ತಿಂಗಳಿಂದು. ಹಾಕೋ ಕೆಲಸ ನಿಜವಾಗ್ಲೂ ಏನಿಲ್ಲ. ಸ್ಟೀರಿಯೋ ಸೆಟ್ಟಿಂಗ್ ಹೋಯ್ತು, ಡ್ರೈವರ್ ಕಡೆ ಗಾಜು ಒಂದೇ ಒತ್ತಿಗೆ ಪೂರ್ತಿ ಏರ್ತಿರ್ಲಿಲ್ಲ, ಮ್ಯಾನ್ಯುಯಲ್ ಪುಸ್ತಕ ನೋಡಿ ಗಾಜನ್ನ ಪೂರ್ತಿ ಏರಿಸಿ ಸ್ವಿಚ್ ಸ್ವಲ್ಪ ಹೊತ್ತು ಹಿಡಿದ್ರೆ ಸರಿ ಹೋಯ್ತು.

ಸರ್ವಿಸ್ ಸೆಂಟರಿಗೆ ವಾರಂಟಿ ವಿಷಯ ಮೇಲ್ ಹಾಕಿದ್ದೆ. "ಸೇಮ್ ಸ್ಪೆಸಿಫಿಕೇಷನ್ ಆಗಿದ್ರೆ ಪರ್ವಾಗಿಲ್ಲ" ಅಂತ ಒಂದು ಸಾಲಿನ ಉತ್ತರ ಬಂತು.

ಈಗ ಒಂದೇ ಪ್ರಶ್ನೆ. ಕಾರು ಮತ್ತೆ ವಾರಗಟ್ಟಲೆ ನಿಲ್ಲುತ್ತೆ. ಹೊಸದೂ ಹೀಗೇ ಡೌನ್ ಆಗ್ಬಾರ್ದು ಅಂದ್ರೆ ದಿನಾ ಬೆಳಗ್ಗೆ ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಟ್ರೆ ಸಾಕಾ? ಒಂದು ಡ್ಯಾಶ್‌ಕ್ಯಾಮ್ ಕೂಡ ಇದೆ, ಪಾರ್ಕಿಂಗ್ ಮೋಡಲ್ಲಿ ಯಾವಾಗ್ಲೂ ಆನ್ ಇರುತ್ತೆ.

ಹಳೇಮೆಕ್ಯಾನಿಕ್ (ಹಾಸನ):

ಆ ಡ್ಯಾಶ್‌ಕ್ಯಾಮ್ ಮಾತು ಮೊದಲೇ ಹೇಳ್ಬೇಕಿತ್ತು ನೀವು!

ಹತ್ತು ನಿಮಿಷ ಐಡ್ಲಲ್ಲಿ ಬಿಟ್ರೆ ಸ್ಟಾರ್ಟ್ ಮಾಡಕ್ಕೆ ಖರ್ಚಾಗಿದ್ದು ಅಷ್ಟೋ ಇಷ್ಟೋ ವಾಪಸ್ ಬರುತ್ತೆ, ಪೆಟ್ರೋಲ್ ದಂಡ, ಪ್ಲಗ್ಗಿಗೆ ಮಸಿ. ವಾರಕ್ಕೊಂದ್ಸಲ ಮುಕ್ಕಾಲು ಗಂಟೆ ಓಡಿಸಿ, ಆ ನೆಪದಲ್ಲಿ ಗಾಜನೂರು ಡ್ಯಾಮ್ ಕಡೆ ಹೋಗಿ ಬನ್ನಿ. ಅದೂ ಆಗಲ್ಲ, ಹದಿನೈದು ಇಪ್ಪತ್ತು ದಿನ ನಿಲ್ಲುತ್ತೆ ಅಂದ್ರೆ ಮೈನಸ್ ಕೇಬಲ್ ಬಿಚ್ಚಿಡಿ, ಬಿಚ್ಚೋದು ಈಗ ಬಂತಲ್ಲ.

ಡ್ಯಾಶ್‌ಕ್ಯಾಮ್ ಲೆಕ್ಕ ನೋಡಿ. ಗಾಡಿ ಮಲಗಿದಾಗ ಮಾಮೂಲಾಗಿ 50 ಮಿಲಿ ಆಂಪಿಯರ್ ಒಳಗೆ ಎಳೀಬೇಕು. ಕ್ಯಾಮೆರಾ ಸೇರಿ 200 ಎಳೀತಿದೆ ಅಂತಿಟ್ಕೊಳ್ಳಿ, ದಿನಕ್ಕೆ 4.8 ಆಂಪಿಯರ್ ಅವರ್ ಹೋಯ್ತು. ನಿಮ್ದು 35ರ ಬ್ಯಾಟರಿ, ವಾರಕ್ಕೆ ಖಾಲಿ, ಸ್ಟಾರ್ಟ್ ಆಗೋದು ನಾಲ್ಕೈದು ದಿನಕ್ಕೇ ನಿಲ್ಲುತ್ತೆ. ಹಾಗೆ ಪೂರ್ತಿ ಖಾಲಿಯಾಗಿ ಬಿದ್ದಿದ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳ್ಳುತ್ತೆ, ಆಮೇಲೆ ಚಾರ್ಜ್ ಹಿಡಿಯಲ್ಲ. ನಿಮ್ಮ ಹಳೇ ಬ್ಯಾಟರಿಗೆ ಮುಂಚೇನೇ ಕುತ್ತು ಬಂದಿದ್ದು ಇದ್ರಿಂದ್ಲೇ ಇರ್ಬಹುದು. ಅಳೀಬೇಕು ಅಂದ್ರೆ ಮೈನಸ್ ಕೇಬಲ್ ಬಿಚ್ಚಿ ಕೇಬಲ್ಲಿಗೂ ಟರ್ಮಿನಲ್ಲಿಗೂ ಮಧ್ಯೆ ಮೀಟರನ್ನ 10 ಆಂಪಿಯರ್ ರೇಂಜಲ್ಲಿ ಹಾಕಿ, ಬಾಗಿಲು ಮುಚ್ಚಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ನೋಡಿ. ಮೀಟರ್ ಹಾಗೇ ಇರೋವಾಗ ಅಪ್ಪಿತಪ್ಪಿನೂ ಸೆಲ್ಫ್ ಹೊಡೀಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ, ಎರವಲು ತಂದಿದ್ದು ಬೇರೆ.

ತುಂಗಾತೀರ (ಶಿವಮೊಗ್ಗ):

ಅಳೆದೆ ಸರ್. 0.23 ಆಂಪಿಯರ್ ತೋರಿಸ್ತು, ಅಂದ್ರೆ 230 ಮಿಲಿ. ಡ್ಯಾಶ್‌ಕ್ಯಾಮ್ ಪಿನ್ ಕಿತ್ತ ಮೇಲೆ 0.03, ಅಂದ್ರೆ 30 ಮಿಲಿ. ಪಾರ್ಕಿಂಗ್ ಮೋಡ್ ಆಫ್ ಮಾಡಿದೆ, ಶೆಡ್ಡೊಳಗೆ ಬೆಕ್ಕು ಬಿಟ್ರೆ ಯಾರೂ ಬರಲ್ಲ ಹೇಗಿದ್ರೂ.